ಹೇಳಿದಷ್ಟೇ ಮಾಡಿ

ನಮ್ಮ ಎಂಡೋಸ್ಕೋಪಿ ವಿಭಾಗಕ್ಕೆ ತರಬೇತಿಗೆ ಬಂದ ಆ ಡಾಕ್ಟರಿಗೆ ಅಳಿಯ ಎಂದು ಹೆಸರಿಟ್ಟವಳು ಆಯಾ. ಮೊದಲ ದಿನ ಅವನು ಕೈ ತೊಳೆದುಕೊಂಡು, ಎರಡೂ ಕೈ ಮುಂದೆ ಚಾಚಿ, ಗ್ಲೌಸ್ ಯಾರು ಹಾಕುತ್ತಾರೋ ಎಂದು ಕಾದು ನಿಂತಿದ್ದ.

"ನೋಡ್ರಮ್ಮಾ, ಮಾವನ ಮನೆಗೆ ಬಂದ ಹಾಗೆ ನಿಂತಿದ್ದಾರೆ. ಇನ್ನು ಹಾಸಿಗೆ ಹಾಸಿ ಕೊಡೋದೊಂದು ಬಾಕಿ" ಎಂದಳು ಆಯಾ.

ಅಂದಿನಿಂದ ಅಳಿಯ. ಅವನಿಗೂ ಅದು ಗೊತ್ತಾಯಿತು. ನಕ್ಕ. ಕೆಟ್ಟವನಲ್ಲ. ರೋಗಿಗಳ ಹೆಸರು ನೆನಪಿಟ್ಟುಕೊಳ್ಳುತ್ತಿದ್ದ.

ನಾನು ಅವನ ಬಲಕ್ಕೆ ನಿಲ್ಲುವ ನರ್ಸು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕಾಮಾಲೆಯಾದವರು ನಮ್ಮಲ್ಲಿಗೆ ಬರುತ್ತಾರೆ. ಡಾಕ್ಟರು ಬಾಯಿಯಿಂದ ಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಇಳಿಸಿ, ಹೊಟ್ಟೆ ದಾಟಿಸಿ, ಸಣ್ಣ ಕರುಳಿನ ಆರಂಭದಲ್ಲಿರುವ ಒಂದು ಉಬ್ಬಿನ ಮುಂದೆ ನಿಲ್ಲಿಸುತ್ತಾರೆ. ಆ ಉಬ್ಬಿನಲ್ಲಿ ಸಾಸಿವೆಯಷ್ಟು ರಂಧ್ರ. ಅದರ ಹಿಂದೆ ಎರಡು ದಾರಿ. ಒಂದು ಪಿತ್ತನಾಳ, ಕಲ್ಲಿರುವುದು ಅಲ್ಲಿ. ಇನ್ನೊಂದು ಮೇದೋಜೀರಕ ಗ್ರಂಥಿಗೆ ಹೋಗುತ್ತದೆ. ಅದು ಮುಂಗೋಪಿ. ಮತ್ತೆ ಮತ್ತೆ ಮುಟ್ಟಿದರೆ ಊದಿಕೊಳ್ಳುತ್ತದೆ. ಒಮ್ಮೊಮ್ಮೆ ತನ್ನನ್ನು ತಾನೇ ಜೀರ್ಣಿಸಿಕೊಳ್ಳಲು ತೊಡಗುತ್ತದೆ.

ಡಾಕ್ಟರು ಗುರಿ ಇಡುತ್ತಾರೆ. ದಾರದಷ್ಟು ದಪ್ಪದ ತಂತಿಯನ್ನು ಒಳಗೆ ತಳ್ಳುವವಳು ನಾನು. ತಂತಿ ಯಾವ ದಾರಿ ಹಿಡಿಯಿತೆಂಬುದು ಎಕ್ಸ್-ರೇ ಗುಂಡಿ ಒತ್ತಿದರೆ ಪರದೆಯ ಮೇಲೆ ಕಾಣುತ್ತದೆ. ನನ್ನ ಬೆರಳಿಗೆ ಅದಕ್ಕೂ ಮೊದಲೇ ಗೊತ್ತಾಗುತ್ತದೆ. ಪಿತ್ತನಾಳವಾದರೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಇನ್ನೊಂದಾದರೆ ಎರಡು ಬೆರಳಗಲ ಹೋಗಿ, ರಬ್ಬರಿಗೆ ತಾಗಿದಂತೆ ಮೆಲ್ಲಗೆ ಹಿಂದಕ್ಕೆ ತಳ್ಳುತ್ತದೆ. ಆಗ ಕೂದಲೆಳೆಯಷ್ಟು ಹಿಂದೆಳೆದು, ಬೆರಳ ನಡುವೆ ಹೊರಳಿಸಿ, ತುದಿ ತಿರುಗಿದ ಮೇಲೆ ಮತ್ತೆ ಬಿಡಬೇಕು. ಇದನ್ನು ಯಾರೂ ಕಲಿಸಿಕೊಟ್ಟದ್ದಲ್ಲ. ಒಂಬತ್ತು ವರ್ಷದಲ್ಲಿ ಕೈಗೆ ಹತ್ತಿದ್ದು.

ಅವರು ಹೋದ ಮೇಲೆ ನನಗೆ ಸ್ಪಷ್ಟವಾಗಿ ತಿಳಿಯುತ್ತಿದ್ದದ್ದು ಅದೊಂದೇ. ಅವರೆಂದರೆ ನನ್ನ ಗಂಡ. ಅಳಿಯ ತರಬೇತಿಗೆ ಬರುವ ಸುಮಾರು ಒಂದು ವರ್ಷ ಮೊದಲು ಆಫೀಸಿನ ಮೆಟ್ಟಿಲ ಮೇಲೆ ಕುಸಿದರು. ಮೂವತ್ತನಾಲ್ಕು ವಯಸ್ಸು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಆಮೇಲೆ ಊಟದ ರುಚಿ, ಸ್ನಾನದ ನೀರಿನ ಬಿಸಿ, ಎಲ್ಲವೂ ಗೋಡೆಯಾಚೆಯ ಮಾತಿನಂತೆ ದೂರವಾದವು. ಮನೆಯಲ್ಲಿ ನಾನು ಮತ್ತು ಅತ್ತೆ. ನಾನು ತಟ್ಟೆಯ ಮುಂದೆ ಸುಮ್ಮನೆ ಕೂತರೆ ಅತ್ತೆ, "ನಾಲಿಗೆಗೆ ಬೇಡ್ದಿದ್ರೂ ಹೊಟ್ಟೆಗೆ ಬೇಕು, ತಿನ್ನೇ" ಎನ್ನುವರು. ತಿನ್ನುತ್ತಿದ್ದೆ. ಕೆಲಸಕ್ಕೆ ಹೋಗುತ್ತಿದ್ದೆ. ಕೈ ತನ್ನ ಪಾಡಿಗೆ ತಾನು ಮಾಡುತ್ತಿತ್ತು.

ಅದೇ ತಪ್ಪಾದದ್ದು.

ತರಬೇತಿಯವರು ಮಾಡುವ ಪ್ರತಿಯೊಂದು ಕೇಸಿಗೂ ದೊಡ್ಡ ಡಾಕ್ಟರ್ ಅಂಕ ಹಾಕುತ್ತಾರೆ. ಎಕ್ಸ್-ರೇ ತಡೆಯುವ ಸೀಸದ ಗಾಜಿನ ಹಿಂದೆ ನಿಂತು ಪರದೆ ನೋಡುತ್ತಾ ಹಾಕುತ್ತಾರೆ. ಎಲ್ಲವನ್ನೂ ಹಿರಿಯರೇ ಮಾಡಬೇಕಾಗಿ ಬಂದರೆ ಒಂದು. ಯಾರ ನೆರವೂ ಇಲ್ಲದೆ ಮಾಡಿದರೆ ನಾಲ್ಕು. ನಾನು ಎಂ.ಎಸ್ಸಿ. ಮಾಡುವಾಗ ಅಂಕಿಅಂಶ ಕಲಿತಿದ್ದೆ ಎಂಬ ಕಾರಣಕ್ಕೆ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿ ಗ್ರಾಫ್ ತೆಗೆಯುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಅಳಿಯನ ಏಳು ತಿಂಗಳ ಗ್ರಾಫ್ ತೆಗೆದೆ. ಮೊದಲ ತಿಂಗಳ ನಂತರ ನಾಲ್ಕು, ನಾಲ್ಕು, ಮೂರು, ನಾಲ್ಕು. ನಡುವೆ ಒಂದು ಕಡೆ ಬಾವಿಗೆ ಬಿದ್ದ ಹಾಗೆ ಒಂದು, ಒಂದು, ಎರಡು. ಮತ್ತೆ ನಾಲ್ಕು.

ಬಾವಿಯ ತಾರೀಖು ನೋಡಿದೆ. ನನಗೆ ಜ್ವರ ಬಂದು ಎಂಟು ದಿನ ರಜೆ ಹಾಕಿದ್ದ ವಾರ.

ಅವನು "ವೈರ್ ಮುಂದೆ" ಎಂದಾಗಲೆಲ್ಲ ನಾನು ತಳ್ಳಿರಲಿಲ್ಲ. ತಪ್ಪು ದಾರಿ ಎನ್ನಿಸಿದರೆ ಅವನು ಹೇಳುವ ಮೊದಲೇ ಹಿಂದೆಳೆದಿದ್ದೆ, ಹೊರಳಿಸಿದ್ದೆ, ಸರಿದಾರಿಗೆ ಹತ್ತಿಸಿದ್ದೆ. ಪರದೆಯ ಮೇಲೆ ಕಂಡದ್ದು ತಂತಿ ಒಳಗೆ ಹೋದದ್ದು ಮಾತ್ರ. ಕಳಿಸಿದ ಕೈ ಯಾರದೆಂದು ಪರದೆ ಹೇಳುವುದಿಲ್ಲ.

ಹಿಂದೆ ತರಬೇತಿಗೆ ಬಂದವರ ಜೊತೆಯೂ ಹೀಗೇ ಮಾಡುತ್ತಿದ್ದೆನೇನೋ. ಆದರೆ ಆಗ ಬಾಯಿಬಿಟ್ಟು ಹೇಳುತ್ತಿದ್ದೆ: ಸರ್, ತಾಗ್ತಿದೆ, ಸರ್, ಸ್ವಲ್ಪ ಮೇಲೆ. ಕೇಳಿ ಕೇಳಿ ಅವರು ಕಲಿತರು. ಈ ವರ್ಷ ನಾನು ಯಾರೊಡನೆಯೂ ಮಾತಾಡಿರಲಿಲ್ಲ.

ಮುಂದಿನ ಸೋಮವಾರ ಅವನು ಬೇರೆ ಊರಿನ ಆಸ್ಪತ್ರೆ ಸೇರುವವನಿದ್ದ. ಅಲ್ಲಿ ಈ ಕೆಲಸ ಬಲ್ಲವರು ಇನ್ನೊಬ್ಬರಿಲ್ಲ. ಅವನಿಗೆ ಬೇಕಾಗಿದ್ದದ್ದು ಗುರುವಾರದ ಕೊನೆಯ ಮೌಲ್ಯಮಾಪನ ಮತ್ತು ದೊಡ್ಡ ಡಾಕ್ಟರ ಒಂದು ಸಹಿ.

ಮಂಗಳವಾರ ಗ್ರಾಫ್ ಹಿಡಿದು ಅವರ ಕೋಣೆಗೆ ಹೋದೆ. ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ ಗ್ರಾಫ್ ನೋಡಿದರು.

"ಅಂದ್ರೆ ಏಳು ತಿಂಗಳಿಂದ ನಾನು ನಿಮಗೆ ಮಾರ್ಕ್ಸ್ ಹಾಕ್ತಿದ್ದೀನಿ."

"ಹೌದು ಸರ್."

"ಅವನಿಗೆ ಗೊತ್ತಾ?"

"ಗೊತ್ತಿಲ್ಲ ಅನ್ಸುತ್ತೆ."

"ಹೊರಗಿಂದ ನೋಡಿದ್ರೆ ಎಷ್ಟು ಚೆನ್ನಾಗಿ ಮಾಡ್ತಾನೆ ರೀ! ಈಗ ನೀವು ಹೇಳಿದ್ರಿ ಅಂತ ಮಾರ್ಕ್ಸ್ ಕಿತ್ಕೊಳ್ಳೋಕಾಗುತ್ತಾ? ನರ್ಸು ಬೇಡ ಅಂದ್ಲು, ಅದಕ್ಕೆ ಸಹಿ ಹಾಕ್ಲಿಲ್ಲ ಅಂತ ಬರೀಲಾ?" ಪೆನ್ನಿನ ಕ್ಯಾಪ್ ಹಾಕಿ ತೆಗೆದರು. "ಗುರುವಾರ ನೋಡೋಣ. ಅವತ್ತು ನೀವು ಅವನು ಹೇಳಿದಷ್ಟೇ ಮಾಡಿ. ಮುಂದೆ ಅಂದ್ರೆ ಮುಂದೆ, ನಿಲ್ಸಿ ಅಂದ್ರೆ ನಿಲ್ಸಿ. ಬಾಯೂ ಬಿಡ್ಬೇಡಿ, ಬೆರಳೂ ಆಡಿಸ್ಬೇಡಿ."

"ಪೇಷೆಂಟು?"

"ನಾನಿರ್ತೀನಲ್ಲ. ಎರಡು ಸಲ ತಪ್ಪು ದಾರಿಗೆ ಹೋದ್ರೆ ಸ್ಕೋಪ್ ನಾನು ತಗೋತೀನಿ. ನಿಯಮ ಇರೋದೇ ಅದಕ್ಕೆ."

ಅದು ಸರಿಯೆನಿಸಿತು. ಬೇರೆ ದಾರಿ ನನಗೂ ಹೊಳೆಯಲಿಲ್ಲ.

ಗುರುವಾರದ ರೋಗಿ ಒಬ್ಬ ಟೈಲರ್. ಐವತ್ತರ ಆಸುಪಾಸು. ಕಣ್ಣು ಅರಿಶಿನ ಬಣ್ಣಕ್ಕೆ ತಿರುಗಿದ್ದವು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಆಯಾ ಅದನ್ನು ತೆಗೆಯುತ್ತಾ, "ಏನ್ ಯಜಮಾನ್ರೇ, ನಮ್ಮ ಅಳತೆ ತಗೊಳ್ಳೋಕೆ ಬಂದ್ರಾ?" ಎಂದಳು.

"ಅಭ್ಯಾಸ ಕಣಮ್ಮ. ಇದಿಲ್ದಿದ್ರೆ ಬಟ್ಟೆ ಹಾಕ್ಕೊಂಡಿಲ್ಲ ಅನ್ಸುತ್ತೆ" ಎಂದು ಆತ ಅಳಿಯನ ಕಡೆ ತಿರುಗಿದ. "ಡಾಕ್ಟ್ರೇ, ನಿಮ್ಮ ಕೋಟು ಎಡಭುಜದಲ್ಲಿ ಜಾರ್ತಿದೆ. ಯಾರೋ ಕೈ ಪಳಗದೋನು ಹೊಲ್ದಿದ್ದಾನೆ."

"ನೀವೇ ಸರಿ ಮಾಡ್ಕೊಡಿ ಹಾಗಾದ್ರೆ" ಎಂದ ಅಳಿಯ.

ಆತನ ಹೆಂಡತಿ ಬಾಗಿಲವರೆಗೆ ಬಂದಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳಿದಳು, "ಸಿಸ್ಟರ್, ಈ ಹುಡುಗನೇ ಮಾಡೋದಾ?"

"ದೊಡ್ಡ ಡಾಕ್ಟರ್ ಜೊತೇಲೇ ಇರ್ತಾರೆ."

"ನೀವೂ ಇರ್ತೀರಾ?"

"ಇರ್ತೀನಿ."

"ಹಾಗಾದ್ರೆ ಸರಿ" ಎಂದು ಹೊರಗೆ ಹೋಗಿ ಕುಳಿತಳು.

ಟೈಲರಿಗೆ ನಿದ್ದೆ ಬರಿಸಿದರು. ನಾವು ಸೀಸದ ಏಪ್ರನ್ ಕಟ್ಟಿಕೊಂಡೆವು. ದೊಡ್ಡ ಡಾಕ್ಟರ್ ಗಾಜಿನ ಹಿಂದೆ ಹಾಳೆ ಹಿಡಿದು ನಿಂತರು. ಅಳಿಯ ಸ್ಕೋಪ್ ಇಳಿಸಿದ. ಅದರಲ್ಲಿ ಅವನ ಕೈ ಚೆನ್ನಾಗಿತ್ತು. ಉಬ್ಬಿನ ಮುಂದೆ ಅಲುಗದೆ ನಿಲ್ಲಿಸಿದ.

"ವೈರ್ ಮುಂದೆ, ಸಿಸ್ಟರ್."

ತಳ್ಳಿದೆ. ರಬ್ಬರು. ನನ್ನ ತೋರುಬೆರಳು ತಾನಾಗಿ ಹಿಂದೆಳೆಯಲು ಹೊರಟಿತು. ತಡೆದೆ. ಅವನು ಎಕ್ಸ್-ರೇ ಗುಂಡಿ ಒತ್ತಿದ. ತಂತಿ ಮೇದೋಜೀರಕ ಗ್ರಂಥಿಯ ಕಡೆಗೆ ಹೋಗಿತ್ತು. ಗಾಜಿನ ಹಿಂದೆ ದೊಡ್ಡ ಡಾಕ್ಟರ್ ಒಂದು ಬೆರಳು ಎತ್ತಿದರು.

"ಪರವಾಗಿಲ್ಲ. ಹಿಂದೆ. ಮತ್ತೆ ಮುಂದೆ."

ಮತ್ತೆ ರಬ್ಬರು. ಈ ಸಲ ತಂತಿ ಮುಂದೆ ಸರಿಯದ್ದನ್ನು ಕಂಡು ತಪ್ಪು ದಾರಿಯೆಂದು ಅವನೇ ಊಹಿಸಿ, ಎಕ್ಸ್-ರೇ ತೆಗೆಯದೆ, "ಹಿಂದೆ" ಎಂದ. ಎಕ್ಸ್-ರೇ ಇಲ್ಲದಿದ್ದರೆ ಪರದೆಯ ಮೇಲೆ ಏನೂ ಇಲ್ಲ, ನಮ್ಮ ಮಾತು ಗಾಜಿನಾಚೆ ಸರಿಯಾಗಿ ಕೇಳಿಸುವುದೂ ಇಲ್ಲ. ಗಾಜಿನ ಹಿಂದಿನ ಬೆರಳು ಒಂದೇ ಇತ್ತು. ಮತ್ತೆ ಮುಂದೆ. ಮತ್ತೆ ಅದೇ. ಹಿಂದೆ. ಮುಂದೆ. ಅದೇ. ಹಿಂದೆ. ಅವನ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ಒಮ್ಮೆ ನನ್ನ ಮುಖ ನೋಡಿದ. ಇಂದೇಕೆ ಹೀಗೆ ಎಂದು ಕೇಳುವಂತಿತ್ತು. ನಾನು ಪರದೆ ನೋಡಿದೆ.

ನಾಲ್ಕು ಸಲ ಆಗಿದೆ ಎಂದು ಹೇಳಬಹುದಿತ್ತು. ಗಾಜಿನ ಕಡೆ ತಿರುಗಿ ನಾಲ್ಕು ಬೆರಳು ಎತ್ತಬಹುದಿತ್ತು. ಬಾಯಿ ಬಿಡಬೇಡಿ ಎಂದಿದ್ದರು. ಅದನ್ನು ಪಾಲಿಸುವುದು ಸುಲಭವಾಗಿತ್ತು. ಒಂದೂವರೆ ವರ್ಷದಿಂದ ನಾನು ಮಾಡುತ್ತಿದ್ದದ್ದು ಅದನ್ನೇ.

ಐದನೆಯ ಸಲ ತಂತಿ ಸ್ವಲ್ಪ ಉದ್ದಕ್ಕೆ ಹೋಯಿತು. ಉದ್ದಕ್ಕೆ ಹೋದದ್ದನ್ನು ನೋಡಿ ಅವನು ಉಸಿರು ಬಿಟ್ಟ. ಆದರೆ ಆ ಉದ್ದ ಬೇರೆ. ಅದು ಗ್ರಂಥಿಯ ಬಾಲದವರೆಗಿನ ಉದ್ದ. ಬೆರಳು ಹೇಳುತ್ತಿತ್ತು.

"ಸಿಕ್ತು. ಡೈ ಬಿಡಿ."

ಡೈ ಎಂದರೆ ಎಕ್ಸ್-ರೇಯಲ್ಲಿ ಕಾಣುವ ದ್ರಾವಣ. ಪಿತ್ತನಾಳಕ್ಕೆ ಬಿಟ್ಟರೆ ಕಲ್ಲು ಕಾಣುತ್ತದೆ. ಇನ್ನೊಂದಕ್ಕೆ ಬಿಡಬಾರದು. ನನ್ನ ಹೆಬ್ಬೆರಳು ಸಿರಿಂಜಿನ ಮೇಲಿತ್ತು.

"ಸಿಸ್ಟರ್, ಡೈ."

ಒತ್ತಿದೆ.

ಅವನು ಎಕ್ಸ್-ರೇ ಗುಂಡಿ ಒತ್ತಿದ. ಪರದೆಯ ಮೇಲೆ ತೆಳ್ಳಗಿನ ಕಪ್ಪು ಗೆರೆಯೊಂದು ಅಡ್ಡಲಾಗಿ ಹರಿದು, ಕವಲೊಡೆದು, ಬಾಲದ ತುದಿಯವರೆಗೆ ತುಂಬಿತು. ದೊಡ್ಡ ಡಾಕ್ಟರ್ ಗಾಜಿನ ಹಿಂದಿನಿಂದ ಓಡಿಬಂದರು. "ಬಿಡಪ್ಪ, ಬಿಡು, ಈ ಕಡೆ ಬಾ" ಎಂದು ಸ್ಕೋಪ್ ತೆಗೆದುಕೊಂಡರು. ಅವರ ಜೊತೆ ನಾನು ಎಂದಿನಂತೆ ಕೆಲಸ ಮಾಡಿದೆ. ನಾಲ್ಕು ನಿಮಿಷದಲ್ಲಿ ತಂತಿ ಪಿತ್ತನಾಳದಲ್ಲಿತ್ತು. ಹದಿನೈದು ನಿಮಿಷದಲ್ಲಿ ಕಲ್ಲು ಹೊರಗೆ. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು.

ಅಳಿಯ ಗೋಡೆಗೆ ಒರಗಿ ನಿಂತಿದ್ದ. ಅವನ ಹಾಳೆಯಲ್ಲಿ ಒಂದು ಎಂಬ ಅಂಕ ಬಿತ್ತು. ಸಹಿ ಬೀಳಲಿಲ್ಲ.

ಮಧ್ಯಾಹ್ನ ಅವನು ಸ್ಕೋಪ್ ತೊಳೆಯುವ ಕೋಣೆಗೆ ಬಂದ. ನಾನು ಬ್ರಷ್ ಹಾಕುತ್ತಿದ್ದೆ.

"ಸಿಸ್ಟರ್, ಯಾವಾಗ್ಲೂ ಹೋಗ್ತಿತ್ತಲ್ಲ?"

"ನಾನು ಕಳಿಸ್ತಿದ್ದೆ."

ಅವನು ತನ್ನ ಕೈಗಳನ್ನು ನೋಡಿಕೊಂಡ.

"ಎಲ್ಲಾನೂ?"

"ಸುಮಾರಾಗಿ."

"ಒಂದ್ ಮಾತು ಹೇಳಿದ್ರೆ ಕಲೀತಿದ್ನಲ್ಲ ಸಿಸ್ಟರ್. ನಾನೇನು ದಡ್ಡನಾ?"

ದಡ್ಡನಲ್ಲ. ನಾನು ಬ್ರಷ್ ಹಾಕುತ್ತಲೇ ಇದ್ದೆ. ಅವನು ಹೋದ.

ಸಂಜೆ ಡ್ಯೂಟಿ ಮುಗಿಯುವ ಹೊತ್ತಿಗೆ ವಾರ್ಡಿನಿಂದ ಫೋನ್ ಬಂತು. ಟೈಲರಿಗೆ ಹೊಟ್ಟೆನೋವು, ಬೆನ್ನಿಗೆ ಹೊಡೆಯುತ್ತಿದೆ, ವಾಂತಿ. ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದು ರಕ್ತಪರೀಕ್ಷೆ ಹೇಳಿತು. ಮರುದಿನ ಐಸಿಯುಗೆ ಸಾಗಿಸಿದರು.

ಶನಿವಾರ ಅತ್ತೆಗೆ ಹೇಳಿದೆ. ಏಕೆ ಹೇಳಿದೆನೋ. ಅವರಿಗೆ ಒಂದು ಕಿವಿ ಕೇಳುವುದಿಲ್ಲ. ಇನ್ನೊಂದು ಕಿವಿ ನನ್ನ ಬಾಯಿಯ ಬಳಿ ಹಿಡಿದು ಪೂರ್ತಿ ಕೇಳಿದರು. ಕೈಯಲ್ಲಿದ್ದ ಸೊಪ್ಪು ಹಾಗೇ ಇತ್ತು.

"ತಮ್ ಮಗೂಗೆ ಈಜು ಬರುತ್ತಾ ಅಂತ ನೋಡೋಕೆ ಪಕ್ಕದ್ಮನೆ ಮಗೂನ ನೀರಿಗೆ ಹಾಕ್ತಾರೇನೇ?"

"ಅವರು ಹೇಳಿದ್ರು, ಅತ್ತೆ."

"ಅವರು ಹೇಳ್ತಾರೆ. ಕೈ ಯಾರದ್ದು?"

ನಾನು ಎದ್ದು ನೀರು ಕುಡಿದೆ. ಅತ್ತೆ ಆಮೇಲೆ ಆ ಮಾತು ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ, "ಆ ಟೈಲರ್ ಹೇಗಿದ್ದಾನೆ?" ಎಂದು ಕೇಳಿದರು. ದಿನಾ ಕೇಳಿದರು. ನಾನು ದಿನಾ ಐಸಿಯು ಮುಂದೆ ಹಾದುಹೋಗಿ ನೋಡಿಕೊಂಡು ಬರುತ್ತಿದ್ದೆ. ಹೊಟ್ಟೆ ಉಬ್ಬಿತು. ಮೂತ್ರ ನಿಂತಿತು. ಉಸಿರಿಗೆ ಯಂತ್ರ ಹಾಕಿದರು. ಹೆಂಡತಿ ಹೊರಗಿನ ಉಕ್ಕಿನ ಕುರ್ಚಿಯಲ್ಲೇ ಇರುತ್ತಿದ್ದಳು. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದಳು. ಒಂಬತ್ತನೆಯ ದಿನ ಹನ್ನೊಂದು ಗಂಟೆಗೆ ಆತ ತೀರಿಕೊಂಡ.

ಪರಿಶೀಲನೆಯ ಸಭೆ ಇಪ್ಪತ್ತು ನಿಮಿಷ ನಡೆಯಿತು. ದೊಡ್ಡ ಡಾಕ್ಟರ್ ಹಾಳೆ ನೋಡಿ ಓದಿದರು. ತಂತಿ ತಪ್ಪು ದಾರಿಗೆ ಹೋದದ್ದು ಎರಡು ಸಲ. ಎರಡನೆಯ ಸಲಕ್ಕೆ ಹಿರಿಯ ವೈದ್ಯರು ಸ್ಕೋಪ್ ವಹಿಸಿಕೊಂಡಿದ್ದಾರೆ. ಇದು ತಿಳಿದಿರುವ ತೊಡಕು, ನೂರರಲ್ಲಿ ಏಳೆಂಟು ಜನರಿಗೆ ಆಗುತ್ತದೆ. ಒಪ್ಪಿಗೆ ಪತ್ರದಲ್ಲಿ ನಮೂದಾಗಿದೆ. ಅವರು ಸುಳ್ಳು ಓದಲಿಲ್ಲ. ಅವರು ಕಂಡದ್ದು ಎರಡೇ.

"ಸಿಸ್ಟರ್, ಸೇರಿಸೋದೇನಾದ್ರೂ ಇದೆಯಾ?"

ಬಾಯಿ ತೆರೆದೆ. "ಇಲ್ಲ ಸರ್" ಎಂದು ಬಂತು.

ಹೊರಗೆ ಬಂದಾಗ ಅವರು ನನ್ನ ಜೊತೆ ಲಿಫ್ಟಿನವರೆಗೆ ನಡೆದರು. ಮುಖ ಬಾಡಿತ್ತು. "ನೀವು ಹೇಳಿದ್ದೇ ನಿಜ ಆಯ್ತು. ಅವನನ್ನ ಹಾಗೇ ಕಳಿಸಿದ್ರೆ ಅಲ್ಲಿ ಇಂಥವು ಎಷ್ಟಾಗ್ತಿತ್ತೋ. ಒಳ್ಳೇ ಕೆಲಸ ಮಾಡಿದ್ರಿ" ಎಂದರು. ಲಿಫ್ಟ್ ಬಂತು. ಹತ್ತಿದರು.

ಆ ಮಧ್ಯಾಹ್ನ ಅಂಕದ ಹಾಳೆಯಲ್ಲಿ ಇನ್ನೊಂದು ಕಾಲಂ ಸೇರಿಸಿದೆ. 'ಸಹಾಯಕರು ತಾವಾಗಿ ಮಾಡಿದ್ದು.' ಸಹಾಯಕಿ ಎಂದಿನಂತೆ ಕೈ ಆಡಿಸಲಿ, ರೋಗಿಯನ್ನು ಕಾಪಾಡಲಿ, ಆಮೇಲೆ ಎಷ್ಟು ಸಲ ಆಡಿಸಿದೆ ಎಂದು ಬರೆಯಲಿ. ಆ ಸಂಖ್ಯೆಯನ್ನು ಅಂಕದಿಂದ ಕಳೆದರೆ ಆಯಿತು. ಯಾರ ಹೊಟ್ಟೆಯನ್ನೂ ಪರೀಕ್ಷೆಗೆ ಇಡಬೇಕಾಗಿರಲಿಲ್ಲ. ಇದನ್ನು ಮಾಡಲು ನನಗೆ ಕಾಲು ಗಂಟೆ ಹಿಡಿಯಿತು. ಪ್ರಿಂಟ್ ತೆಗೆದು ನೋಡಿದೆ. ಹೊಸ ಕಾಲಂ ನೇರವಾಗಿ ಬಂದಿತ್ತು.

ಅಳಿಯನಿಗೆ ಇನ್ನೊಂದು ವರ್ಷ ತರಬೇತಿ ಎಂದು ತೀರ್ಮಾನವಾಯಿತು. ಅವನು ಬೆಳಿಗ್ಗೆ ಏಳಕ್ಕೇ ಬಂದು ಪ್ಲಾಸ್ಟಿಕ್ ಹೊಟ್ಟೆಯ ಮೇಲೆ ತಂತಿ ತಳ್ಳುತ್ತಾ ಕೂರುತ್ತಿದ್ದ. ಗ್ಲೌಸ್ ತಾನೇ ಹಾಕಿಕೊಳ್ಳುತ್ತಿದ್ದ. ಆಯಾ ಅವನಿಗೆ ತಮಾಷೆ ಮಾಡುವುದನ್ನು ಬಿಟ್ಟಿದ್ದಳು. ಅಳಿಯ ಎಂದೂ ಕರೆಯುತ್ತಿರಲಿಲ್ಲ. ಬರೀ ಡಾಕ್ಟ್ರೇ ಎನ್ನುತ್ತಿದ್ದಳು. ನಾನು ಅವನ ಪಕ್ಕ ಕೂತು, ಇಲ್ಲಿ ತಾಗುತ್ತೆ ನೋಡಿ, ಇಲ್ಲಿ ಬಿಡುತ್ತೆ ನೋಡಿ ಎಂದು ಹೇಳಿಕೊಡುತ್ತಿದ್ದೆ. ಬೇಗ ಕಲಿತ.

ಟೈಲರನ ಹೆಂಡತಿ ವರದಿಯ ಪ್ರತಿ ತೆಗೆದುಕೊಳ್ಳಲು ಬಂದದ್ದು ಮೂರು ವಾರದ ಮೇಲೆ. ದಾಖಲೆಯ ಕೌಂಟರಿನಲ್ಲಿ ಪ್ರತಿ ಪಡೆದು, ನಮ್ಮ ವಿಭಾಗ ಹುಡುಕಿಕೊಂಡು ಬಂದಳು. ಮಧ್ಯಾಹ್ನದ ಊಟದ ಸಮಯ. ಕಾರಿಡಾರಿನ ಕುರ್ಚಿಯಲ್ಲಿ ನಾನೊಬ್ಬಳೇ ಕೂತಿದ್ದೆ. ನನ್ನ ಪಕ್ಕ ಕೂತು ವರದಿ ನನ್ನ ತೊಡೆಯ ಮೇಲಿಟ್ಟಳು.

"ಓದಿದೆ. ಅರ್ಧ ಅರ್ಥ ಆಯ್ತು. ಎರಡು ಸಲ ತಪ್ಪಿತು, ಆಮೇಲೆ ಸರಿ ಹೋಯ್ತು ಅಂತಿದೆ. ಹೌದಾ?"

ಹೌದು ಎನ್ನಲು ಒಂದು ಉಸಿರು ಸಾಕಿತ್ತು.

"ಐದು ಸಲ" ಎಂದೆ.

ಅವಳು ನನ್ನ ಕಡೆ ತಿರುಗಿದಳು. ನಾನು ಎಡ ಅಂಗೈ ಚಾಚಿ, ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಇಲ್ಲಿ ಬಾಗಿಲು. ಇದು ಹೋಗಬೇಕಾದ ದಾರಿ, ಇದು ಹೋಗಬಾರದ್ದು. ಒಂದು, ಎರಡು, ಮೂರು, ನಾಲ್ಕು. ಐದನೆಯ ಸಲ ಇಲ್ಲಿಗೆ ಔಷಧ ಬಿಟ್ಟದ್ದು.

"ಬಿಟ್ಟದ್ದು ಯಾರು?"

"ನಾನು."

"ತಪ್ಪು ದಾರಿ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಹೇಳಿದಷ್ಟೇ ಮಾಡಬೇಕು ಅಂತಿತ್ತು ಅವತ್ತು. ಆ ಡಾಕ್ಟರಿಗೆ ಬರುತ್ತಾ ಇಲ್ವಾ ಅಂತ ನೋಡ್ತಿದ್ರು. ಬರಲ್ಲ ಅಂತ ಹೇಳಿದ್ದು ನಾನೇ."

"ಗೊತ್ತಿದ್ದೂ…" ಎಂದು ಅವಳು ಅಲ್ಲಿಗೇ ನಿಲ್ಲಿಸಿದಳು. ಪಕ್ಕದ ಕುರ್ಚಿಗೆ ಸರಿದು ಕೂತಳು. ನಮ್ಮಿಬ್ಬರ ನಡುವೆ ಒಂದು ಕುರ್ಚಿ ಖಾಲಿ ಉಳಿಯಿತು. ಅಳಲಿಲ್ಲ. ಬೈಯಲಿಲ್ಲ. ಬೈಯಲಿ ಎಂದು ಕಾದೆ.

"ನೋವಾಗ್ತಿತ್ತಾ ಆಗ?"

"ಇಲ್ಲ. ನಿದ್ದೆಯಲ್ಲಿದ್ರು."

"ಅಷ್ಟಾದ್ರೂ ಆಯ್ತು." ನನ್ನ ತೊಡೆಯ ಮೇಲಿದ್ದ ವರದಿ ತೆಗೆದುಕೊಂಡಳು. "ಈಗ ಹೇಳಿದ್ರಲ್ಲ, ಅದನ್ನ ಬರೆದು ಕೊಡ್ತೀರಾ?"

ಬರೆದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನನ್ನ ಕೆಲಸ, ದೊಡ್ಡ ಡಾಕ್ಟರ ಹೆಸರು, ಅಳಿಯನ ಇನ್ನೊಂದು ವರ್ಷ. ಒಳಗೆ ಹೋಗಿ ಬಿಳಿ ಹಾಳೆ ತಂದೆ. ಸಮಯ ಹಾಕಿದೆ. ಒಂದೊಂದು ಸಲಕ್ಕೂ ಒಂದು ಸಾಲು. ಡೈ ಒತ್ತಿದ್ದಕ್ಕೆ ಒಂದು ಸಾಲು. ಯಾರು ಏನು ಹೇಳಿದ್ದರು ಎಂಬುದಕ್ಕೆ ಎರಡು ಸಾಲು. ವಿಶೇಷಣ ಯಾವುದೂ ಬೇಕಾಗಲಿಲ್ಲ. ಅವಳಿಗೆ ಕೊಟ್ಟೆ.

ಅವಳು ತುಟಿ ಆಡಿಸುತ್ತಾ ನಿಧಾನವಾಗಿ ಓದಿದಳು. ಮುಗಿಸಿ ಹಾಳೆ ನನಗೆ ಹಿಂದಿರುಗಿಸಿದಳು.

"ಹೆಸರು ಹಾಕಿಲ್ಲ."

ಹೆಸರು ಬರೆದೆ. ಕೆಳಗೆ ನನ್ನ ನೋಂದಣಿ ಸಂಖ್ಯೆ. ಅವಳು ಹಾಳೆ ತೆಗೆದುಕೊಂಡು, ಶಾಯಿ ಒಣಗುವವರೆಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.